ಸುಖದ ಎಲ್ಲೆ

ಅಥೆನ್ಸ್ ನಗರದ ಕೋಟೆಬಾಗಿಲಿನ ಹೊರಗೆ, ತೋಟವೊಂದರಲ್ಲಿ ಮಿತ್ರರೊಡನೆಯೂ ಶಿಷ್ಯರೊಡನೆಯೂ ವಾಸವಾಗಿದ್ದ ತತ್ತ್ವಜ್ಞನೊಬ್ಬನು ಒಮ್ಮೆ ಸ್ನೇಹಿತನಿಗೆ ಓಲೆ ಬರೆದು, ತನಗೊಂದು ಕುಡಿಕೆ ಚೀಸು ಕಳುಹಿಸಿಕೊಡಬೇಕೆಂದೂ, ಮನಸ್ಸು ಬಂದ ದಿನ ಅದನ್ನು ತೆಗೆದು ತಾನು ಹಬ್ಬದೂಟವನ್ನೇ ಉಣ್ಣಬಹುದೆಂದೂ ಕೇಳಿಕೊಂಡನಂತೆ. ಮಿಕ್ಕ ದಿನಗಳಲ್ಲಿ ಅವನಿಗೆ ರೊಟ್ಟಿ, ನೀರು ಇಷ್ಟೇ ಸಾಕಾಗಿತ್ತೆಂದು ಅವನ ಚರಿತ್ರಕಾರನಾದ ಡಯೋಜಿನಿಸ್ ಲೇರ್ಷಿಯಸ್ ಬರೆದಿಟ್ಟಿದ್ದಾನೆ. ಹೀಗೆ ಬಾಳಿದ ಎಪಿಕ್ಯೂರಸನ ಹೆಸರಿನಿಂದಲೇ ಇಂಗ್ಲಿಷ್ ಭಾಷೆಯಲ್ಲಿ ‘ಎಪಿಕ್ಯೂರ್’ ಎಂಬ ಶಬ್ದ ಹುಟ್ಟಿ, ಅದು ಷಡ್ರಸಗಳ ಮರ್ಮವನ್ನು ಬಲ್ಲ, ನಾಲಗೆಯ ಸೇವೆಗೇ ಮುಡಿಪಾದ ರಸಿಕನನ್ನು ಸೂಚಿಸುವಂತಾದುದು ಭಾಷೆಗಳ ಇತಿಹಾಸದಲ್ಲಿ ನಡೆದಿರುವ ಅನ್ಯಾಯಗಳಲ್ಲಿ ಸಣ್ಣದೇನಲ್ಲ.

ನನ್ನ ವಿದ್ಯಾರ್ಥಿದೆಸೆಯಲ್ಲಿ ನಾನು ಓದಿದ ನೀತಿಶಾಸ್ತ್ರದ ಪಠ್ಯದಲ್ಲಿ ಈತನಿಗೆ ದೊರೆತಿದ್ದುದು ಅರ್ಧ ಪುಟ; ಆ ಅರ್ಧ ಪುಟದ ಶೀರ್ಷಿಕೆ ‘ಭೋಗವಾದ’; ಅದರ ಬೆನ್ನಿಗೇ ಭೋಗವಾದದ ಖಂಡನೆಗೆ ಎರಡು ಪುಟಗಳು ಮೀಸಲಾಗಿದ್ದವು. ಪರೀಕ್ಷೆಯಲ್ಲಿ ಅಂಕ ಬರುತ್ತಿದ್ದುದೂ ಖಂಡನೆಗೇ. ಬಹುಕಾಲದ ಮೇಲೆ, ಮೆನೀಕಿಯಸ್ ಎಂಬ ಶಿಷ್ಯನಿಗೆ ಎಪಿಕ್ಯೂರಸ್ ಬರೆದ ಪತ್ರವನ್ನು ಅನುವಾದದಲ್ಲಿ ಓದುವ ಅವಕಾಶ ಒದಗಿದಾಗ, ಯಾವ ಮನುಷ್ಯನನ್ನು ನಾವು ಖಂಡಿಸಿ ಉತ್ತೀರ್ಣರಾಗಿದ್ದೆವೋ ಆ ಮನುಷ್ಯ ಈ ಪುಟಗಳಲ್ಲಿ ಎಲ್ಲಿಯೂ ಇಲ್ಲವೆಂಬುದು ಗೋಚರವಾಗಿ ನನಗೆ ನಾಚಿಕೆಯೇ ಆಯಿತು. ಆ ನಾಚಿಕೆಯ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸುವುದು ಈ ಬರೆಹದ ಒಂದು ಉದ್ದೇಶ. ಇನ್ನೊಂದು ಉದ್ದೇಶ ಈ ಕಾಲಕ್ಕೆ ಸಂಬಂಧಿಸಿದ್ದು.

ಸುಖವೆಂಬುದು ಈಗ ಅಧ್ಯಯನದ ವಿಷಯವಾಗಿದೆ. ಸರಕಾರಗಳ ಕಾರ್ಯಕ್ರಮವೂ ಆಗಿದೆ. 2012ರಿಂದ ವಿಶ್ವ ಸಂತೋಷ ವರದಿಯೆಂಬುದು ಪ್ರಕಟವಾಗುತ್ತಿದೆ. ಮಾರ್ಚ್ 20ನೆಯ ದಿನವನ್ನು ವಿಶ್ವಸಂಸ್ಥೆ ಸಂತೋಷದ ದಿನವೆಂದು ಸಾರಿದೆ. ಮಧ್ಯಪ್ರದೇಶದ ಸರಕಾರ 2016ರಲ್ಲಿ ಆನಂದಕ್ಕೆಂದೇ ಒಂದು ಇಲಾಖೆಯನ್ನು ತೆರೆಯಿತು. ದೆಹಲಿಯ ಸರಕಾರಿ ಶಾಲೆಗಳಲ್ಲಿ 2018ರಲ್ಲಿ ಸಂತೋಷದ ಪಾಠಕ್ರಮ ಆರಂಭವಾಯಿತು. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸುಖಜೀವನವನ್ನು ಕುರಿತ ಮನಃಶಾಸ್ತ್ರದ ತರಗತಿಗೆ ವಿದ್ಯಾರ್ಥಿಗಳು ಮುಗಿಬಿದ್ದರು. ಇವುಗಳಲ್ಲಿ ಯಾವುದನ್ನೂ ನಾನು ಹಳಿಯುವವನಲ್ಲ. ಮಕ್ಕಳು ದಿನಕ್ಕೆ ಅರ್ಧ ಗಂಟೆಯಾದರೂ ಅಂಕಗಳ ಚಿಂತೆ ಬಿಟ್ಟು ಕುಳಿತರೆ ಅದು ಲಾಭವೇ. ಆದರೆ ವಿಶ್ವ ವರದಿಯ ಅಳತೆಯ ಕ್ರಮವನ್ನು ಸ್ವಲ್ಪ ಗಮನಿಸಿ. ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ, ಅದರ ತಳಮೆಟ್ಟಿಲು 0, ತುದಿಮೆಟ್ಟಿಲು 10. ನಿಮ್ಮ ಪಾಲಿಗೆ ಸಾಧ್ಯವಾದ ಅತ್ಯುತ್ತಮ ಬಾಳು ತುದಿಯಲ್ಲಿದೆ, ಅತ್ಯಂತ ಕೆಟ್ಟದ್ದು ಬುಡದಲ್ಲಿದೆ. ಈಗ ನೀವು ಎಷ್ಟನೆಯ ಮೆಟ್ಟಿಲ ಮೇಲೆ ನಿಂತಿರುವಿರಿ ಎಂದು ಕೇಳುತ್ತಾರೆ. 2018ರಿಂದೀಚೆಗೆ ವರ್ಷವರ್ಷವೂ ಫಿನ್‌ಲೆಂಡ್ ದೇಶ ಮೊದಲ ಸ್ಥಾನದಲ್ಲಿದೆ. ಸಂತೋಷ. ಆದರೆ ಏಣಿಯ ಮುಂದೆ ನಿಲ್ಲಿಸಲ್ಪಟ್ಟ ಮನುಷ್ಯನ ಕಣ್ಣು ತಾನು ನಿಂತ ಮೆಟ್ಟಿಲಿಗಿಂತ ಮೇಲಿನ ಮೆಟ್ಟಿಲನ್ನೇ ಮೊದಲು ನೋಡುತ್ತದೆಯಲ್ಲವೆ? ಸುಖವನ್ನು ಏಣಿಯೆಂದು ಎಣಿಸಿದ ಕ್ಷಣದಲ್ಲಿಯೇ ಅದರ ಸ್ವರೂಪದ ವಿಷಯದಲ್ಲಿ ನಾವೊಂದು ತೀರ್ಪನ್ನು, ವಿಚಾರಣೆಯೇ ಇಲ್ಲದೆ, ಕೊಟ್ಟುಬಿಟ್ಟಂತಾಯಿತು. ಆ ತೀರ್ಪನ್ನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಪ್ರಶ್ನಿಸಿದವನು ಎಪಿಕ್ಯೂರಸ್; ಆದುದರಿಂದ ಸುಖದ ವ್ಯಾಸಂಗವು ಅವನಿಂದ ಮೊದಲಾಗಬೇಕೆಂಬುದು ನನ್ನ ಪಕ್ಷ.

ಅವನು ಹುಟ್ಟಿದುದು ಕ್ರಿಸ್ತಪೂರ್ವ 341ರಲ್ಲಿ, ಸ್ಯಾಮೋಸ್ ದ್ವೀಪದಲ್ಲಿ. ತಂದೆತಾಯಿಗಳು ಅಥೆನ್ಸಿನಿಂದ ಬಂದು ಅಲ್ಲಿ ನೆಲಸಿದವರು. ತಂದೆ ಶಾಲಾ ಉಪಾಧ್ಯಾಯ. ಹದಿನೆಂಟು ತುಂಬಿದಾಗ ಪೌರನ ಕರ್ತವ್ಯವಾದ ಸೈನಿಕಶಿಕ್ಷಣಕ್ಕಾಗಿ ಈತ ಅಥೆನ್ಸಿಗೆ ಹೋದ; ಆ ವರ್ಷವೇ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತ. ಚಕ್ರವರ್ತಿಯ ಮರಣದ ತರುವಾಯ ಅವನ ಸೇನಾನಿಗಳು ಭೂಮಿಯನ್ನು ಹರಿದು ಹಂಚಿಕೊಳ್ಳತೊಡಗಿದ ಗಲಭೆಯಲ್ಲಿ ಸ್ಯಾಮೋಸಿನ ಅಥೆನ್ಸಿಗರೆಲ್ಲ ಮನೆಮಠಗಳನ್ನು ಕಳೆದುಕೊಂಡರು. ಎಪಿಕ್ಯೂರಸನ ಕುಟುಂಬ ಎದುರು ದಡದ ಕಾಲೊಫೋನಿನಲ್ಲಿ ಆಶ್ರಯ ಪಡೆಯಿತು. ನೆಮ್ಮದಿಯನ್ನು ಕುರಿತು ಬೋಧಿಸಿದ ಈತ ಊರುಬಿಟ್ಟ ನಿರಾಶ್ರಿತರ ಮನೆಯ ಹುಡುಗನೆಂಬುದನ್ನು ಮರೆಯಲಾಗದು. ಮುಂದೆ ಮಿಟಿಲೀನ್, ಲಾಂಪ್ಸಕಸ್ ಪಟ್ಟಣಗಳಲ್ಲಿ ಕೆಲಕಾಲ ಪಾಠ ಹೇಳಿ, ಮೂವತ್ತೈದರ ವಯಸ್ಸಿನ ಸುಮಾರಿಗೆ ಅಥೆನ್ಸಿಗೆ ಬಂದು, 80 ಮಿನಾ ಬೆಲೆ ಕೊಟ್ಟು ಒಂದು ತೋಟವನ್ನು ಕೊಂಡುಕೊಂಡ. ಅವನ ವಿದ್ಯಾಪೀಠಕ್ಕೆ ‘ತೋಟ’ವೆಂದೇ ಹೆಸರಾಯಿತು. ಅಲ್ಲಿ ಸ್ತ್ರೀಯರಿಗೂ ದಾಸರಿಗೂ ಪ್ರವೇಶವಿತ್ತು. ಲಿಯೊಂಟಿಯಾನ್ ಎಂಬ ವೇಶ್ಯೆಯೊಬ್ಬಳು ಅಲ್ಲಿ ತತ್ತ್ವಶಾಸ್ತ್ರ ಕಲಿತು, ಮಹಾಪಂಡಿತನಾದ ಥಿಯೊಫ್ರಾಸ್ಟಸನನ್ನು ಖಂಡಿಸಿ ಗ್ರಂಥ ಬರೆದಳು. ಇಂಥವಳು ಅಂಥವನ ವಿರುದ್ಧ ಲೇಖನಿ ಹಿಡಿಯುವುದೇ ಎಂದು ಸಿಸಿರೊ ಮೂಗು ಮುರಿದರೂ ಅವಳ ಗ್ರೀಕ್ ಶೈಲಿ ಸೊಗಸಾಗಿದೆಯೆಂಬುದನ್ನು ಒಪ್ಪದೆ ಅವನಿಗೆ ವಿಧಿಯಿರಲಿಲ್ಲ. ಡಿಮೀಟ್ರಿಯಸ್ ದೊರೆ ಅಥೆನ್ಸಿಗೆ ಮುತ್ತಿಗೆ ಹಾಕಿ ಊರಿನಲ್ಲಿ ಕ್ಷಾಮ ತಲೆದೋರಿದಾಗ, ತೋಟದಲ್ಲಿದ್ದವರಿಗೆ ಎಪಿಕ್ಯೂರಸ್ ಅವರೆಯಂಥ ಕಾಳುಗಳನ್ನು ಎಣಿಸಿ ಹಂಚಿ ಎಲ್ಲರನ್ನೂ ಉಳಿಸಿಕೊಂಡನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಪ್ಲುಟಾರ್ಕನೇನೂ ಅವನ ಅಭಿಮಾನಿಯಲ್ಲ. ಆದುದರಿಂದ ಈ ಮಾತಿಗೆ ಹೆಚ್ಚು ಬೆಲೆ.

ಸುಖವೇ ಪರಮಪುರುಷಾರ್ಥವೆಂದು ಈತ ಹೇಳಿದ್ದು ನಿಜ. ಆ ಮಾತನ್ನು ಅವನು ಮರೆಮಾಚಲೂ ಇಲ್ಲ, ಮೃದುಗೊಳಿಸಲೂ ಇಲ್ಲ. ಹುಟ್ಟಿದ ಕೂಸು ಯಾವ ಗುರುವಿನ ಉಪದೇಶವೂ ಇಲ್ಲದೆ ಸುಖಕ್ಕೆ ಕೈಚಾಚುತ್ತದೆ, ನೋವಿಗೆ ಅಳುತ್ತದೆ. ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲವೆಂಬುದು ಅವನ ನಿಲುವು. ಎಲ್ಲ ಗೊಂದಲ ಹುಟ್ಟಿರುವುದು ‘ಸುಖ’ವೆಂಬ ಶಬ್ದಕ್ಕೆ ಅವನು ಕೊಟ್ಟ ಅರ್ಥವನ್ನು ಕೇಳುವ ವ್ಯವಧಾನ ನಮಗಿಲ್ಲದುದರಿಂದ. ಅವನ ವಿಂಗಡಣೆಯಂತೆ ಸುಖವು ಎರಡು ಬಗೆ. ಬಾಯಾರಿದವನು ನೀರು ಕುಡಿಯುತ್ತಿರುವಾಗ ಗಂಟಲಿಗೆ ಆಗುವುದು ಒಂದು, ಅದು ಚಲನೆಯ ಸುಖ. ನೀರು ಕುಡಿದಾದ ಮೇಲೆ ಬಾಯಾರಿಕೆಯಿಲ್ಲದೆ ಇರುವುದು ಇನ್ನೊಂದು, ಅದು ಸ್ಥಿತಿಯ ಸುಖ. ಲೋಕವೆಲ್ಲ ಮೊದಲನೆಯದನ್ನು ಸುಖವೆಂದು ಕರೆದು ಎರಡನೆಯದಕ್ಕೆ ಹೆಸರನ್ನೇ ಇಡದೆ ಬಿಟ್ಟಿದೆ. ಎಪಿಕ್ಯೂರಸ್ ಎರಡನೆಯದನ್ನೇ ಸುಖದ ಪರಾಕಾಷ್ಠೆಯೆಂದು ಸಾರಿದ. ಶರೀರದಲ್ಲಿ ನೋವಿಲ್ಲದಿರುವುದು, ಮನಸ್ಸಿನಲ್ಲಿ ಕ್ಷೋಭೆಯಿಲ್ಲದಿರುವುದು, ಇಷ್ಟೇ ಅವನ ಸಾಧ್ಯ. ಮನಸ್ಸಿನ ಈ ಅಕ್ಷುಬ್ಧತೆಗೆ ಅವನು ಬಳಸಿದ ಗ್ರೀಕ್ ಶಬ್ದ ‘ಅಟರಾಕ್ಸಿಯಾ’. ಇದನ್ನು ಇಂಗ್ಲಿಷಿಗೆ ತರುವವರು ಎರಡು ಮೂರು ಶಬ್ದಗಳನ್ನು ಮುಂದಿಟ್ಟುಕೊಂಡು ಒದ್ದಾಡುತ್ತಾರೆ. ಸಂಸ್ಕೃತದಿಂದ ನಾವು ‘ಶಾಂತಿ’ಯನ್ನು ತಂದರೆ ಅದಕ್ಕೆ ಮೋಕ್ಷದ ವಾಸನೆ ಅಂಟಿಕೊಂಡಿದೆ, ‘ಆನಂದ’ವೆಂದರೆ ಉಪನಿಷತ್ತಿನ ಭಾರ ಹೆಗಲೇರುತ್ತದೆ. ನಮ್ಮ ಅಡುಗೆಮನೆಯಲ್ಲಿ, ಜಗಲಿಯಲ್ಲಿ, ದಿನಬೆಳಗಾದರೆ ಓಡಾಡುವ ಒಂದು ಸಾದಾ ಕನ್ನಡ ಶಬ್ದ ಇದಕ್ಕೆ ಅಳತೆ ತೆಗೆದು ಹೊಲಿದಂತೆ ಒಪ್ಪುತ್ತದೆ: ನೆಮ್ಮದಿ. ‘ಮನೆಯಲ್ಲಿ ಎಲ್ಲ ಇದೆ, ನೆಮ್ಮದಿಯೊಂದಿಲ್ಲ’ ಎಂದು ಹೇಳುವ ಗೃಹಿಣಿ ಎಪಿಕ್ಯೂರಸನ ಎರಡು ಸುಖಗಳ ಭೇದವನ್ನು ಯಾವ ತರಗತಿಗೂ ಹೋಗದೆ ಅರಿತವಳು. ಆ ಅರ್ಧ ಪುಟದ ಶೀರ್ಷಿಕೆಯನ್ನು ‘ನೆಮ್ಮದಿವಾದ’ವೆಂದು ಇಟ್ಟಿದ್ದರೆ ಖಂಡನೆಯ ಎರಡು ಪುಟಗಳು ಉಳಿಯುತ್ತಿದ್ದವು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಕೈರೀನ್ ಪಟ್ಟಣದ ಅರಿಸ್ಟಿಪಸನ ಪಂಥದವರು, ಅಂದರೆ ನಿಜವಾದ ಭೋಗವಾದಿಗಳು, ನೋವಿಲ್ಲದಿರುವುದೇ ಸುಖವಾದರೆ ನಿದ್ದೆ ಹೋದವನೂ ಸುಖಿ, ಹೆಣವೂ ಸುಖಿ ಎಂದು ನಕ್ಕರು. ನಮ್ಮಲ್ಲಿಯೂ ಇದೇ ನಗೆ ಕೇಳಿಬಂದಿದೆಯೆಂಬುದು ಸ್ವಾರಸ್ಯದ ಸಂಗತಿ. ದುಃಖದ ಆತ್ಯಂತಿಕ ನಿವೃತ್ತಿಯೇ ಅಪವರ್ಗವೆಂದು ನೈಯಾಯಿಕರು ಹೇಳಿದುದಕ್ಕೆ, ಶ್ರೀಹರ್ಷ ಕವಿ ತನ್ನ ನೈಷಧೀಯಚರಿತದ ಹದಿನೇಳನೆಯ ಸರ್ಗದಲ್ಲಿ, ಚೇತನವುಳ್ಳವರಿಗೆ ಕಲ್ಲಾಗುವುದನ್ನೇ ಮುಕ್ತಿಯೆಂದು ಬೋಧಿಸಿದ ಗೋತಮನು ಹೆಸರಿಗೆ ತಕ್ಕಂತೆ ಗೋವುಗಳಲ್ಲಿ ಶ್ರೇಷ್ಠನೇ ಸರಿ ಎಂದು ಚಾರ್ವಾಕನೊಬ್ಬನ ಬಾಯಿಂದ ಗೇಲಿ ಮಾಡಿಸುತ್ತಾನೆ. ಗೇಲಿ ಚೆನ್ನಾಗಿದೆ. ಆದರೆ ಎಪಿಕ್ಯೂರಸನಿಗೆ ಅದು ತಾಗುವುದಿಲ್ಲ. ಏಕೆಂದರೆ ಅವನು ಹೇಳುವ ನೆಮ್ಮದಿ ಕಲ್ಲಿನದಲ್ಲ, ಬದುಕಿರುವ, ನೆನಪಿರುವ, ಹರಟೆ ಹೊಡೆಯುವ ಮನುಷ್ಯನದು. ಹಲ್ಲುನೋವು ನಿಂತ ಮರುದಿನದ ಬೆಳಗ್ಗೆ ಎದ್ದು ಕಾಫಿ ಕುಡಿದವನಿಗೆ ನೋವಿನ ಅಭಾವವೆಂಬುದು ಬರಿಯ ಅಭಾವವಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದುರದೃಷ್ಟವೆಂದರೆ ಮೂರನೆಯ ದಿನಕ್ಕೆ ಅದು ಮರೆತುಹೋಗುತ್ತದೆ. ಮರೆಯದಂತೆ ಮಾಡುವ ಅಭ್ಯಾಸವೇ ಎಪಿಕ್ಯೂರಸನ ಶಾಸ್ತ್ರ.

ಅಲ್ಲಿಂದಲೇ ಎಲ್ಲೆಯ ವಿಚಾರ ಬರುತ್ತದೆ. ನನ್ನ ಮಟ್ಟಿಗೆ ಅವನ ದರ್ಶನದ ಹೃದಯವಿರುವುದು ಅಲ್ಲಿ. ನೋವು ಪೂರ್ತಿ ಹೋದ ಮೇಲೆ ಸುಖ ಇನ್ನು ಹೆಚ್ಚುವುದಿಲ್ಲ, ಬಗೆಬಗೆಯಾಗಬಲ್ಲುದು ಅಷ್ಟೇ ಎಂದು ಅವನ ಸಿದ್ಧಾಂತ. ಹಸಿವು ತೀರಿದವನ ಎಲೆಗೆ ಇನ್ನೂ ನಾಲ್ಕು ಬಗೆಯ ಭಕ್ಷ್ಯಗಳನ್ನು ಬಡಿಸಿದರೆ ರುಚಿ ಬದಲಾಗುತ್ತದೆ, ತೃಪ್ತಿ ಬೆಳೆಯುವುದಿಲ್ಲ. ಹಾಗಾದರೆ ಸುಖಕ್ಕೆ ಏಣಿಯ ಆಕಾರವಿಲ್ಲ, ಕೊಡದ ಆಕಾರವಿದೆ, ತುಂಬಿತೆಂದರೆ ತುಂಬಿತು. ಅವನಿಗೆ ಎರಡು ಶತಮಾನಗಳ ತರುವಾಯ ಅವನ ದರ್ಶನವನ್ನು ಲ್ಯಾಟಿನ್ ಮಹಾಕಾವ್ಯವಾಗಿ ಆರು ಸಂಪುಟಗಳಲ್ಲಿ ಬರೆದ ಲುಕ್ರೀಶಿಯಸ್, ಮನುಷ್ಯರ ದುಃಖಕ್ಕೆ ಕಾರಣ ಸಾಮಗ್ರಿಯ ಕೊರತೆಯಲ್ಲ, ಕೊಡವೇ ತೂತಾಗಿರುವುದು ಎಂದು ಆರನೆಯ ಸಂಪುಟದ ಮೊದಲಲ್ಲಿ ಹೇಳುತ್ತಾನೆ. ತೂತನ್ನು ಮುಚ್ಚಲು ಎಪಿಕ್ಯೂರಸ್ ಸೂಚಿಸಿದ ಉಪಾಯ ಆಸೆಗಳ ವಿಂಗಡಣೆ. ಅನ್ನ, ನೀರು, ಮಾಡು, ಸ್ನೇಹ ಇಂಥವುಗಳ ಆಸೆ ಸಹಜವೂ ಹೌದು, ಅವಶ್ಯವೂ ಹೌದು. ಷಡ್ರಸದ ಊಟದ ಆಸೆ ಸಹಜ, ಆದರೆ ಅವಶ್ಯವಲ್ಲ. ಒದಗಿದ ದಿನ ಉಣ್ಣಬಹುದು, ಒದಗದ ದಿನ ಕೊರಗಬೇಕಾದುದಿಲ್ಲ. ಚೀಸಿನ ಕುಡಿಕೆ ಈ ವರ್ಗಕ್ಕೆ ಸೇರಿದ್ದು. ಪದವಿ, ಕೀರ್ತಿ, ಕಂಚಿನ ಪ್ರತಿಮೆ, ಎಣಿಕೆಯಿಲ್ಲದ ಹಣ ಇವುಗಳ ಆಸೆ ಸಹಜವೂ ಅಲ್ಲ, ಅವಶ್ಯವೂ ಅಲ್ಲ. ಇವು ಬರಿಯ ಹುಸಿಯೆಣಿಕೆಯಿಂದ ಹುಟ್ಟಿದವು, ಆದುದರಿಂದಲೇ ಇವುಗಳಿಗೆ ಕೊನೆಯೆಂಬುದಿಲ್ಲ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಗಾದೆಯಿದೆ. ಗಾದೆ ಹಾಸಿಗೆಯ ಅಳತೆಯನ್ನು ನೋಡಿಕೊಳ್ಳೆನ್ನುತ್ತದೆ. ಈತ ಕಾಲಿನ ಅಳತೆಯನ್ನು ನೋಡಿಕೊಳ್ಳೆನ್ನುತ್ತಾನೆ. ಈ ವ್ಯತ್ಯಾಸ ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಹಾಸಿಗೆಯ ಅಳತೆ ನೋಡುವವನು ದೊಡ್ಡ ಹಾಸಿಗೆ ಬಂದ ದಿನ ಅದರ ಉದ್ದಕ್ಕೂ ಕಾಲು ಚಾಚಲು ಹವಣಿಸುತ್ತಾನೆ. ಸಂಬಳ ಏರಿದಂತೆ ಮನೆಯೂ, ಮನೆ ಏರಿದಂತೆ ವಾಹನವೂ, ವಾಹನ ಏರಿದಂತೆ ಸಾಲದ ಕಂತೂ ಏರುತ್ತ ಹೋಗಿ, ತಿಂಗಳ ಮೊದಲ ವಾರ ಕಳೆಯುವಷ್ಟರಲ್ಲಿ ಬ್ಯಾಂಕಿನ ಸಂದೇಶ ಬಂದಾಗಲೆಲ್ಲ ಎದೆ ಧಸಕ್ಕೆನ್ನುವ ಸ್ಥಿತಿಯನ್ನು ನಾವು ಏಳಿಗೆಯೆಂದು ಕರೆಯುತ್ತಿದ್ದೇವೆ. ಕಾಲಿನ ಅಳತೆ ತಿಳಿದವನಿಗೆ ಈ ಗಾಬರಿಯಿಲ್ಲ. ಮಿತವ್ಯಯವನ್ನು ಬಡತನದ ಉಪಾಯವೆಂದು ಬೋಧಿಸುವವರು ಬಹಳ ಮಂದಿ ಇದ್ದಾರೆ. ಅದನ್ನು ಸುಖದ ಉಪಾಯವೆಂದು ತೋರಿಸಿಕೊಟ್ಟವರು ವಿರಳ. ಈತ ಸನ್ಯಾಸಿಯೂ ಅಲ್ಲ. ಇದ್ದುದನ್ನು ತೊರೆಯಬೇಕೆಂದು ಅವನು ಹೇಳುವುದಿಲ್ಲ; ಅತಿಯಾದ ಮಿತವ್ಯಯವೂ ಒಂದು ಬಗೆಯ ಅತಿಯೇ ಎಂದು ಎಚ್ಚರಿಸುತ್ತಾನೆ. ಯಾವ ಸುಖವೂ ತನ್ನಷ್ಟಕ್ಕೆ ಕೆಟ್ಟದ್ದಲ್ಲವಾದರೂ ಕೆಲವು ಸುಖಗಳು ತಮ್ಮ ಹಿಂದೆ ಕರೆತರುವ ನೋವು ಸುಖಕ್ಕಿಂತ ಹೆಚ್ಚಾದುದರಿಂದ, ತೂಗಿ ನೋಡುವ ವಿವೇಕವು ತತ್ತ್ವಶಾಸ್ತ್ರಕ್ಕಿಂತಲೂ ಅಮೂಲ್ಯವೆಂದು ಸ್ವತಃ ತತ್ತ್ವಜ್ಞನಾದವನೇ ಹೇಳಿರುವುದು ಗಮನಾರ್ಹ.

ಮನಸ್ಸಿನ ಕ್ಷೋಭೆಗೆ ಆಸೆ ಒಂದು ಕಾರಣವಾದರೆ ಭಯ ಇನ್ನೊಂದು. ಗುಡುಗು ಮಿಂಚುಗಳಲ್ಲಿ ದೇವರ ಕೋಪವನ್ನು ಕಾಣುವವನಿಗೆ ಎಷ್ಟು ಕೊಟ್ಟರೂ ನೆಮ್ಮದಿಯಿಲ್ಲವೆಂದು ಬಗೆದು, ಎಪಿಕ್ಯೂರಸ್ ಡೆಮಾಕ್ರಿಟಸನ ಪರಮಾಣುವಾದವನ್ನು ತೆಗೆದುಕೊಂಡು ಅದರ ಮೇಲೆ ತನ್ನ ನೀತಿಯನ್ನು ಕಟ್ಟಿದ. ಪರಮಾಣುಗಳೂ ಶೂನ್ಯವೂ ಅಲ್ಲದೆ ಜಗತ್ತಿನಲ್ಲಿ ಮತ್ತೇನಿಲ್ಲ; ದೇವತೆಗಳು ಉಂಟು, ಆದರೆ ಅವರು ಪರಮಸುಖಿಗಳಾದುದರಿಂದ ನಮ್ಮ ವ್ಯವಹಾರದಲ್ಲಿ ತಲೆಹಾಕುವುದಿಲ್ಲ. ಪೈಥೊಕ್ಲಿಸ್ ಎಂಬವನಿಗೆ ಬರೆದ ಪತ್ರದಲ್ಲಿ ಅವನು ಸಿಡಿಲಿಗೂ ಗ್ರಹಣಕ್ಕೂ ಒಂದೊಂದಕ್ಕೆ ಹಲವು ಕಾರಣಗಳನ್ನು ಸೂಚಿಸಿ, ಇವುಗಳಲ್ಲಿ ಯಾವುದಾದರೂ ಇರಲಿ, ಪುರಾಣದ ಕಥೆಯೊಂದು ಬೇಡ ಎನ್ನುವ ಧಾಟಿಯಲ್ಲಿ ಮಾತನಾಡುತ್ತಾನೆ. ವಿಜ್ಞಾನಿಗೆ ಇದು ಒಪ್ಪಿಗೆಯಾಗದು. ನಿಜವಾದ ಕಾರಣ ಯಾವುದೆಂಬ ಕುತೂಹಲ ಅವನಿಗೆ ಅಷ್ಟಾಗಿ ಇರಲಿಲ್ಲವೆಂಬ ದೂರಿನಲ್ಲಿ ಹುರುಳಿದೆ. ಅವನಿಗೆ ಬೇಕಾಗಿದ್ದುದು ಅಂಜಿಕೆಯ ಚಿಕಿತ್ಸೆ.

ಎಲ್ಲ ಭಯಗಳಿಗೂ ತಾಯಿಯಾದ ಮೃತ್ಯುಭಯಕ್ಕೆ ಅವನು ಕೊಟ್ಟ ಉತ್ತರ ಪ್ರಸಿದ್ಧವಾದುದು. ಒಳ್ಳೆಯದು ಕೆಟ್ಟದ್ದು ಎಂಬುದೆಲ್ಲ ಅನುಭವದಲ್ಲಿರುವುದು. ಮರಣವೆಂದರೆ ಅನುಭವವೇ ಇಲ್ಲದಿರುವುದು. ನಾವಿರುವ ತನಕ ಅದು ಬಂದಿರುವುದಿಲ್ಲ, ಅದು ಬಂದಾಗ ನಾವಿರುವುದಿಲ್ಲ. ಹೀಗಿರುವಾಗ ಅದಕ್ಕೂ ನಮಗೂ ಏನು ನಂಟು? ತರ್ಕದಲ್ಲಿ ಬಿರುಕಿಲ್ಲ. ಆದರೂ ಇಲ್ಲಿ ನಾನು ಅವನೊಡನೆ ಪೂರ್ತಿಯಾಗಿ ಹೆಜ್ಜೆಯಿಡಲಾರೆ. ನನ್ನ ಮರಣದ ಭಯಕ್ಕೆ ಈ ಮಾತು ಮದ್ದಾದೀತು; ನನ್ನವರ ಮರಣಕ್ಕೆ ಆಗದು. ಸತ್ತವಳಿಗೆ ಅನುಭವವಿಲ್ಲ ನಿಜ, ಅವಳ ಸೀರೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಡುವವನಿಗೆ ಅನುಭವವಿದೆ. ಎಪಿಕ್ಯೂರಸನಿಗೂ ಇದು ತಿಳಿಯದಿರಲಿಲ್ಲವೆಂದು ತೋರುತ್ತದೆ. ಸ್ನೇಹಿತನ ಸಾವಿಗೆ ಕಣ್ಣೀರಿಡುವುದೇ ಅವಿವೇಕವೆನ್ನುವ ಕಠಿಣರನ್ನು ಅವನ ಪಂಥ ಒಪ್ಪಲಿಲ್ಲ. ಆದರೂ ಅವನ ತರ್ಕ ಅಳುವವನ ಹೊಸಿಲ ತನಕ ಬಂದು ಅಲ್ಲಿಯೇ ನಿಲ್ಲುತ್ತದೆ.

ಇನ್ನೊಂದು ಕಡೆಯಲ್ಲಿಯೂ ನನಗೆ ಅವನ ಮೇಲೆ ಅಸಮಾಧಾನ. ಯಾರ ಕಣ್ಣಿಗೂ ಬೀಳದೆ ಬಾಳು, ರಾಜಕಾರಣದ ಸೆರೆಮನೆಯಿಂದ ಹೊರಗೆ ಬಾ ಎಂದು ಅವನು ಬೋಧಿಸಿದ. ಸೇನಾನಿಗಳು ಅಥೆನ್ಸನ್ನು ಚೆಂಡಿನಂತೆ ಕೈಯಿಂದ ಕೈಗೆ ಎಸೆಯುತ್ತಿದ್ದ ಕಾಲದಲ್ಲಿ ಪೌರನೊಬ್ಬನ ಕೈಯಲ್ಲಿ ಉಳಿದಿದ್ದ ಸ್ವಾತಂತ್ರ್ಯ ಅಷ್ಟೇ ಎಂದು ಸಮಾಧಾನ ಹೇಳಬಹುದು. ಆದರೆ ಮತದಾನದ ಹಕ್ಕುಳ್ಳ ನಮ್ಮಂಥವರು ತೋಟದ ಬಾಗಿಲು ಮುಚ್ಚಿ ಕುಳಿತರೆ ಬಾಗಿಲಿನ ಹೊರಗಿನ ಬೀದಿಯನ್ನು ಯಾರಿಗೆ ಬಿಟ್ಟಂತಾಯಿತು? ಅನ್ಯಾಯದಿಂದ ಪಾರಾಗುವುದಕ್ಕೆ ಜನ ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯೇ ನ್ಯಾಯವೆಂದು ಹೇಳಿದವನೂ ಅವನೇ. ಆ ಒಡಂಬಡಿಕೆಯನ್ನು ಕಾಯುವವರು ಯಾರೆಂಬುದನ್ನು ಅವನು ಬಿಡಿಸಿ ಹೇಳಲಿಲ್ಲ. ತೋಟದಲ್ಲಿ ದಾಸರು ಶಿಷ್ಯರಾಗಿ ಕುಳಿತಿದ್ದರೂ ಅವರು ದಾಸರಾಗಿಯೇ ಉಳಿದಿದ್ದರೆಂಬುದನ್ನೂ ಮರೆಯಬಾರದು. ಮೈಸ್ ಮೊದಲಾದ ಕೆಲವರಿಗೆ ಬಿಡುಗಡೆ ದೊರೆತದ್ದು ಅವನ ಮರಣಶಾಸನದ ಮೂಲಕ.

ಅವನ ದೌರ್ಬಲ್ಯಗಳನ್ನು ಇಷ್ಟು ಹೇಳಿದ ಮೇಲೆ ಅವನ ಸ್ನೇಹದ ಮಾತಿಗೆ ಬರುತ್ತೇನೆ. ಬಾಳನ್ನು ಸುಖಮಯವನ್ನಾಗಿ ಮಾಡಲು ವಿವೇಕವು ಒದಗಿಸುವ ಸಾಧನಗಳಲ್ಲಿ ಸ್ನೇಹಕ್ಕಿಂತ ಹಿರಿದಾದುದಿಲ್ಲವೆಂದು ಅವನು ಹೇಳಿದ. ಹೇಳಿದುದಕ್ಕಿಂತ ಹೆಚ್ಚಾಗಿ ಹಾಗೆ ಬಾಳಿದ. ಸುಖಕ್ಕಾಗಿ ಸ್ನೇಹವೆಂದರೆ ಅದು ಸ್ವಾರ್ಥವಲ್ಲವೇ ಎಂದು ವಿರೋಧಿಗಳು ಕೇಳಿದರು. ಉತ್ತರವಾಗಿ ಅವನ ಕೊನೆಯ ದಿನವನ್ನು ನೋಡಬಹುದು. ಕ್ರಿಸ್ತಪೂರ್ವ 270ರ ಸುಮಾರಿನಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೂತ್ರಾಶ್ಮರಿಯ ಬಾಧೆಯಿಂದ ಹದಿನಾಲ್ಕು ದಿನ ನರಳಿದ ಮೇಲೆ, ಅವನು ಬಿಸಿನೀರು ತುಂಬಿದ ಕಂಚಿನ ತೊಟ್ಟಿಯಲ್ಲಿ ಕುಳಿತು, ನೀರು ಬೆರೆಸದ ದ್ರಾಕ್ಷಾರಸವನ್ನು ತರಿಸಿ ಕುಡಿದು ಪ್ರಾಣ ಬಿಟ್ಟ. ಆ ದಿನ ಐಡೊಮೆನ್ಯೂಸ್ ಎಂಬ ಗೆಳೆಯನಿಗೆ ಬರೆದ ಓಲೆಯಲ್ಲಿ, ನೋವು ಇದಕ್ಕಿಂತ ಹೆಚ್ಚಾಗಲಾರದಷ್ಟಿದೆಯೆಂದೂ, ಆದರೆ ನಾವು ಆಡಿದ್ದ ಮಾತುಕತೆಗಳ ನೆನಪಿನ ಸಂತೋಷ ಅದಕ್ಕೆ ಎದುರಾಗಿ ನಿಂತಿದೆಯೆಂದೂ ತಿಳಿಸಿ, ತನಗಿಂತ ಮೊದಲೇ ತೀರಿಕೊಂಡಿದ್ದ ಮಿತ್ರ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೊಳ್ಳಬೇಕೆಂದು ಬೇಡಿಕೊಂಡಿದ್ದಾನೆ. ಮರಣಶಾಸನದಲ್ಲಿ ಮೆಟ್ರೊಡೋರಸನ ಮಗಳ ಮದುವೆಯ ವರದಕ್ಷಿಣೆಗೂ ಏರ್ಪಾಡಿದೆ. ಪ್ರತಿ ತಿಂಗಳೂ ಇಪ್ಪತ್ತನೆಯ ದಿನ ತೋಟದವರು ಒಂದೆಡೆ ಸೇರಿ ತನ್ನನ್ನೂ ಮೆಟ್ರೊಡೋರಸನನ್ನೂ ನೆನೆಯಬೇಕೆಂದು ಬರೆದಿಟ್ಟ. ತಿಥಿಯ ಊಟದ ಮಹಿಮೆಯನ್ನು ಬಲ್ಲ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಪರಲೋಕವನ್ನು ನಂಬದವನು ಈ ಏರ್ಪಾಡು ಮಾಡಿದನೆಂಬುದು ಮಾತ್ರ ಮನಸ್ಸನ್ನು ಮುಟ್ಟುತ್ತದೆ.

ಇಂಥವನಿಗೆ ಕೆಟ್ಟ ಹೆಸರು ಬಂದುದು ಹೇಗೆ? ಮೊದಲ ಕಿಡಿ ಮನೆಯೊಳಗಿನದೇ. ಮೆಟ್ರೊಡೋರಸನ ಸ್ವಂತ ಸಹೋದರ ಟಿಮೊಕ್ರೆಟಿಸ್ ತೋಟವನ್ನು ಬಿಟ್ಟುಹೋಗಿ, ಗುರು ಅತಿಯಾಗಿ ತಿಂದು ದಿನಕ್ಕೆರಡು ಬಾರಿ ವಾಂತಿ ಮಾಡಿಕೊಳ್ಳುತ್ತಾನೆಂದು ಪುಸ್ತಕ ಬರೆದ. ಎದುರು ಪಂಥಗಳವರಿಗೆ ಅಷ್ಟೇ ಸಾಕಾಯಿತು. ರೋಮಿನ ಹೊರೇಸ್ ಕವಿ ತನ್ನನ್ನೇ ಎಪಿಕ್ಯೂರಸನ ಹಿಂಡಿನ ಹಂದಿಯೆಂದು ತಮಾಷೆಗೆ ಕರೆದುಕೊಂಡುದನ್ನು ಮುಂದಿನವರು ಸಾಕ್ಷ್ಯವೆಂದು ಹಿಡಿದರು. ಡಾಂಟೆ ಮಹಾಕವಿ ತನ್ನ ನರಕದ ಹತ್ತನೆಯ ಸರ್ಗದಲ್ಲಿ ಅವನನ್ನು ಅನುಯಾಯಿಗಳ ಸಮೇತ ಉರಿಯುವ ಗೋರಿಗಳೊಳಗೆ ಹುಗಿದ. ನಮ್ಮ ಲೋಕಾಯತರ ಗತಿಯೂ ಇದೇ ಅಲ್ಲವೆ? ಅವರ ಮೂಲಗ್ರಂಥ ನಮಗೆ ಉಳಿದುಬಂದಿಲ್ಲ. ವಿಜಯನಗರದ ಕಾಲದ ಮಾಧವಾಚಾರ್ಯರು ಸರ್ವದರ್ಶನಸಂಗ್ರಹದ ಮೊದಲ ಪ್ರಕರಣದಲ್ಲಿ ಖಂಡಿಸುವುದಕ್ಕೆಂದು ಅವರ ಮತವನ್ನು ಸಂಗ್ರಹಿಸಿಟ್ಟುದರಿಂದ ನಮ್ಮ ತಿಳಿವಿನ ಬಹುಭಾಗ ಬಂದಿದೆ. ಸಾಲ ಮಾಡಿ ತುಪ್ಪ ಕುಡಿಯುವವರೆಂಬ ಒಂದು ಚಿತ್ರವೇ ಜನರ ಮನಸ್ಸಿನಲ್ಲಿ ನಿಂತಿತು. ಅವರೂ ಎಪಿಕ್ಯೂರಸನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ತುಪ್ಪ ಕುಡಿಯೆಂದು ಯಾರಾದರೂ ಹೇಳಿದ್ದರೆ, ನಾಳೆಯ ಸಾಲಗಾರನ ಮುಖ ಇಂದಿನ ತುಪ್ಪದ ರುಚಿಯನ್ನು ಕೆಡಿಸುವುದೆಂದು ಎಪಿಕ್ಯೂರಸನೇ ಮೊದಲು ಆಕ್ಷೇಪಿಸುತ್ತಿದ್ದ. ಎದುರಾಳಿಯ ಬಾಯಿಂದ ಮಾತ್ರ ಕೇಳಿದ ದರ್ಶನವನ್ನು ಕೇಳಿದಂತಾಗಲಿಲ್ಲವೆಂಬುದಷ್ಟೇ ನನ್ನ ತಾತ್ಪರ್ಯ.

ಸುಮಾರು ಮುನ್ನೂರು ಸುರುಳಿಗಳಷ್ಟು ಬರೆದನೆಂದು ಹೆಸರಾದವನ ಬರೆವಣಿಗೆಯಲ್ಲಿ ನಮಗೆ ಇಡಿಯಾಗಿ ದಕ್ಕಿರುವುದು ಮೂರು ಪತ್ರಗಳು ಮತ್ತು ನಲವತ್ತು ಸೂತ್ರಗಳು. 1888ರಲ್ಲಿ ವ್ಯಾಟಿಕನ್ನಿನ ಹಸ್ತಪ್ರತಿಯೊಂದರಲ್ಲಿ ಅವನ ಮತ್ತು ಅವನ ಪಂಥದವರ ಎಂಬತ್ತೊಂದು ಸೂಕ್ತಿಗಳು ಸಿಕ್ಕಿದವು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಪರ್ವತ ಸಿಡಿದು ಮುಚ್ಚಿಹೋದ ಹರ್ಕ್ಯುಲೇನಿಯಮ್ ಪಟ್ಟಣದ ಒಂದು ಮಹಲಿನಲ್ಲಿ, ಹದಿನೆಂಟನೆಯ ಶತಮಾನದ ನಡುವೆ ಅಗೆದಾಗ, ಇದ್ದಲಿನಂತೆ ಕಪ್ಪಾದ ನೂರಾರು ಸುರುಳಿಗಳು ಹೊರಬಂದವು. ಬಹುಪಾಲು ಈ ಪಂಥದವೇ. ಬಿಡಿಸಹೋದರೆ ಪುಡಿಯಾಗುವ ಆ ಸುರುಳಿಗಳಲ್ಲಿ ಒಂದರ ಒಂದು ಭಾಗವನ್ನು, ಬಿಡಿಸದೆಯೇ, ಕ್ಷಕಿರಣ ಮತ್ತು ಕಂಪ್ಯೂಟರುಗಳ ಸಹಾಯದಿಂದ ಮೂವರು ತರುಣರು ಓದಿ ತೋರಿಸಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಇದೇ ಪಂಥದ ಫಿಲೊಡೀಮಸ್ ಬರೆದುದಿರಬಹುದೆಂದು ವಿದ್ವಾಂಸರು ಊಹಿಸುವ ಆ ಭಾಗದ ವಿಷಯ ಸುಖ. ವಸ್ತು ವಿರಳವಾದ ಮಾತ್ರಕ್ಕೆ ಅದು ಹೆಚ್ಚು ಸುಖಕರವೆಂದು ತಿಳಿಯಬೇಕೇ ಎಂಬುದು ಅಲ್ಲಿಯ ಒಂದು ಚರ್ಚೆ. ಸಾವಿರದ ಒಂಬೈನೂರು ವರ್ಷ ಬೂದಿಯಲ್ಲಿ ಹುದುಗಿದ್ದ ಪ್ರಶ್ನೆ ನಮ್ಮ ಜಾಹೀರಾತುಗಳ ಕಾಲಕ್ಕೇ ಎದ್ದು ಬಂದಿರುವುದನ್ನು ಕಾಕತಾಳೀಯವೆನ್ನದೆ ಬೇರೇನೆನ್ನಲಿ.

ಸಂತೋಷದ ಪಾಠವನ್ನು ಶಾಲೆ ಕಾಲೇಜುಗಳಿಗೆ ತರಬೇಕೆನ್ನುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟು. ಅಳತೆಯ ಪ್ರಶ್ನಾವಳಿಗಳು ಇರಲಿ, ಉಸಿರಾಟದ ಅಭ್ಯಾಸಗಳೂ ಇರಲಿ. ಅವುಗಳ ಜೊತೆಗೆ ಮೆನೀಕಿಯಸನಿಗೆ ಬರೆದ ಪತ್ರವನ್ನು ಒಳ್ಳೆಯ ಕನ್ನಡದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿ, ಎದುರುವಾದ ಹೂಡಲು ಬಿಡಿ. ಓದಿ ಮುಗಿಸಲು ಅರ್ಧ ಗಂಟೆ ಬೇಡ. ಯೌವನದಲ್ಲಿ ತತ್ತ್ವಚಿಂತನೆಯನ್ನು ಮುಂದಕ್ಕೆ ಹಾಕಬಾರದು, ವಾರ್ಧಕ್ಯದಲ್ಲಿ ಅದರಿಂದ ಬೇಸರಪಡಬಾರದು ಎಂಬ ಅರ್ಥದ ಮಾತಿನಿಂದಲೇ ಆ ಪತ್ರ ಆರಂಭವಾಗುತ್ತದೆ. ಇದನ್ನು ಹಗಲಿರುಳೂ, ಒಬ್ಬನೇ ಇರುವಾಗಲೂ ಸಮಾನಮನಸ್ಕನೊಡನೆ ಇರುವಾಗಲೂ ಅಭ್ಯಾಸ ಮಾಡೆಂಬ ಮಾತಿನಿಂದ ಮುಗಿಯುತ್ತದೆ. ಓದಿದವರು ಅವನನ್ನು ಖಂಡಿಸುವುದಾದರೆ ಖಂಡಿಸಲಿ. ಮೂಲವನ್ನು ಓದಿ ಖಂಡಿಸಲಿ.

ಈಗಿನ ತುರ್ಕಿಯ ನೈಋತ್ಯದಲ್ಲಿ, ಬೆಟ್ಟದ ಮೇಲೆ, ಈನೊಆಂಡವೆಂಬ ಹಾಳೂರಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲ್ಲಿ ಡಯೋಜಿನಿಸ್ ಎಂಬ ಸಿರಿವಂತನಿದ್ದ. ಚರಿತ್ರಕಾರ ಡಯೋಜಿನಿಸನಲ್ಲ, ಬೇರೊಬ್ಬ. ಮುಪ್ಪಿನಿಂದಲೂ ಕಾಯಿಲೆಯಿಂದಲೂ ಹಣ್ಣಾದ ಈತ, ದೊರೆಗಳು ತಮ್ಮ ಜಯಗಳನ್ನೂ ದತ್ತಿಗಳನ್ನೂ ಕಲ್ಲಿನಲ್ಲಿ ಕೆತ್ತಿಸುವಂತೆ, ಎಪಿಕ್ಯೂರಸನ ದರ್ಶನವನ್ನು ಊರಿನ ಸಾರ್ವಜನಿಕ ಮಂಟಪದ ಗೋಡೆಯ ಮೇಲೆ ಸುಮಾರು 80 ಮೀಟರು ಉದ್ದಕ್ಕೆ ಕೆತ್ತಿಸಿದ. ದಾರಿಹೋಕರಿಗೆ ನಮ್ಮವರು ಅರವಟ್ಟಿಗೆ ಇಡುತ್ತಿದ್ದರಲ್ಲ, ಹಾಗೆ. ಊರವರಿಗೆ ಮಾತ್ರವಲ್ಲ, ಪರಸ್ಥಳದಿಂದ ಬಂದವರಿಗೂ ಇನ್ನೂ ಹುಟ್ಟದವರಿಗೂ ಈ ಮದ್ದು ದೊರೆಯಲಿ ಎಂಬುದು ತನ್ನ ಉದ್ದೇಶವೆಂದು ಅವನು ಅದರಲ್ಲಿಯೇ ಹೇಳಿಕೊಂಡಿದ್ದಾನೆ. ಭೂಕಂಪಗಳಿಂದಲೂ ಕಲ್ಲುಗಳನ್ನು ಬೇರೆ ಕಟ್ಟಡಗಳಿಗೆ ಹೊತ್ತುದರಿಂದಲೂ ಗೋಡೆ ಚೆದುರಿಹೋಯಿತು. 1884ರಲ್ಲಿ ಫ್ರೆಂಚ್ ವಿದ್ವಾಂಸರು ಅದರ ಮೊದಲ ತುಣುಕುಗಳನ್ನು ಕಂಡರು. ಈವರೆಗೆ ಸುಮಾರು 300 ತುಣುಕುಗಳು ಸಿಕ್ಕಿವೆ. ಶಾಸನದ ಬಹುಪಾಲು ಇನ್ನೂ ಮಣ್ಣಿನಲ್ಲಿದೆ.